ಲೂಸೀ ವಾರ್ ಫೈಲ್ ಸರ್ವರ್ ಮೇಲೆ ಹಾಕಿದ್ಮೇಲೆ ಏನೇನಾಗುತ್ತೆ

ವಾರ್ ಫೈಲ್ (ಇಡೀ ಜಾವಾ ವೆಬ್ ಆಪನ್ನ ಒಂದೇ ಫೈಲ್ ಆಗಿ ಕಟ್ಟಿಟ್ಟಿದ್ದು) ಡೌನ್‌ಲೋಡ್ ಮಾಡ್ಕೊಳ್ಳಿ, ವೆಬ್‌ಆಪ್ಸ್ ಫೋಲ್ಡರ್‌ಗೆ ಹಾಕಿ, ಸರ್ವರ್ ಸ್ಟಾರ್ಟ್ ಮಾಡಿ, ಅಷ್ಟೇ. ಜಾವಾ ಮೇಲೆ ಓಡೋ ಯಾವ ಸ್ಕ್ರಿಪ್ಟಿಂಗ್ ಎಂಜಿನ್ ತಗೊಂಡ್ರೂ ಇನ್‌ಸ್ಟಾಲ್ ಮಾಡೋದು ಹೇಗೆ ಅಂತ ಕೇಳಿದ್ರೆ ಸಿಗೋ ಉತ್ತರ ಹೆಚ್ಚುಕಮ್ಮಿ ಇದೇ. ಸುಳ್ಳು ಅಂತೇನಲ್ಲ, ನಿಜವಾಗ್ಲೂ ಓಡುತ್ತೆ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಆರಾಮಾಗಿ ಓಡುತ್ತೆ. ಅದನ್ನೇ ತಗೊಂಡ್ಹೋಗಿ ಬೇರೆ ಯಾರೋ ಕಾನ್ಫಿಗರ್ ಮಾಡಿಟ್ಟಿರೋ ಸರ್ವರ್ ಮೇಲೆ ಹಾಕಿದಾಗಲೇ ಒಂದೊಂದಾಗಿ ಆಟ ಶುರುವಾಗೋದು.

ನಾನು ಇಲ್ಲಿ ಜಾಸ್ತಿ ಮಾತಾಡೋದು ಲೂಸೀ ಬಗ್ಗೆ, ಯಾಕಂದ್ರೆ ನಂಗೆ ದಿನಾ ಒಡನಾಟ ಇರೋದು ಅದರ ಜೊತೆ. ಗೊತ್ತಿಲ್ಲದವರಿಗೆ ಚಿಕ್ಕದಾಗಿ: ಕೋಲ್ಡ್‌ಫ್ಯೂಷನ್ ಅಂತ ಒಂದಿತ್ತಲ್ಲ (ಇನ್ನೂ ಇದೆ, ಈಗ ಅಡೋಬಿದು), 1995ರಲ್ಲಿ ಅಲೇರ್ ಸೋದರರು ಶುರು ಮಾಡಿದ್ದು, 2002ರಲ್ಲಿ ಮ್ಯಾಕ್ರೋಮೀಡಿಯಾ ಕೈಲಿದ್ದಾಗ ಎಂಎಕ್ಸ್ ಅನ್ನೋ ಹೆಸರಲ್ಲಿ ಅದನ್ನ ಜಾವಾದಲ್ಲಿ ಹೊಸದಾಗಿ ಬರೆದ್ರು. ಆ ಭಾಷೆಗೆ ಸಿಎಫ್‌ಎಂಎಲ್ ಅಂತಾರೆ. ಅದೇ ಭಾಷೆ ಓಡಿಸೋಕೆ ಬೇರೆಯವರೂ ಎಂಜಿನ್ ಮಾಡಿದ್ರು, ಬ್ಲೂಡ್ರ್ಯಾಗನ್ ಬಂತು, ಅದರ ಓಪನ್ ಸೋರ್ಸ್ ರೂಪ ಓಪನ್‌ಬಿಡಿ 2008ರಲ್ಲಿ ಬಂತು, ಸ್ವಿಟ್ಜರ್ಲೆಂಡ್ ಕಡೆಯಿಂದ ರೈಲೋ ಬಂತು, ಆ ರೈಲೋದಿಂದ 2015ರಲ್ಲಿ ಕವಲೊಡೆದಿದ್ದೇ ಲೂಸೀ. ಪಿಎಚ್‌ಪಿ ಲೋಕದಲ್ಲೂ ಇಂಥದ್ದೇ ಒಂದಿದೆ, ಕ್ವೆರ್ಕಸ್ ಅಂತ, ರೆಸಿನ್ ಸರ್ವರ್ ಮಾಡೋ ಕೌಚೋದವರದ್ದು, ಪಿಎಚ್‌ಪಿಯನ್ನ ಪೂರ್ತಿ ಜಾವಾದಲ್ಲಿ ಬರೆದಿದ್ದಾರೆ. ಹೆಸರು ಬೇರೆ ಬೇರೆ ಇದ್ರೂ ಸರ್ವರ್ ಮೇಲೆ ಹತ್ತಿಸುವಾಗ ಕೊಡೋ ಕಾಟ ಒಂದೇ ಥರ, ಅದಕ್ಕೇ ಇದನ್ನೆಲ್ಲಾ ಒಂದು ಕಡೆ ಬರೆದಿಡೋಣ ಅನ್ನಿಸ್ತು.

ಮೊದಲು ಒಂದು ವಿಷ್ಯ ತಲೇಲಿ ಕೂತ್ಕೊಂಡ್ರೆ ಮಿಕ್ಕಿದ್ದೆಲ್ಲಾ ಸುಲಭ. ಮಾಮೂಲಿ ಜಾವಾ ವೆಬ್ ಆಪ್ಲಿಕೇಷನ್ ತನ್ನ ಫೋಲ್ಡರ್ ಒಳಗೆ ಏನನ್ನೂ ಬರಿಯಲ್ಲ. ಕ್ಲಾಸ್‌ಗಳೆಲ್ಲಾ ಮೊದಲೇ ಕಂಪೈಲ್ ಆಗಿರುತ್ತೆ, ಸರ್ವರ್ ಅದನ್ನ ಓದುತ್ತೆ, ಓಡಿಸುತ್ತೆ, ಡೇಟಾ ಏನಿದ್ರೂ ಡೇಟಾಬೇಸ್‌ಗೆ ಹೋಗುತ್ತೆ. ಸ್ಕ್ರಿಪ್ಟಿಂಗ್ ಎಂಜಿನ್ ಹಾಗಲ್ಲ. ಯಾರೋ ಬ್ರೌಸರ್‌ನಲ್ಲಿ ಒಂದು ಸಿಎಫ್‌ಎಂ ಪೇಜ್ (ಸಿಎಫ್‌ಎಂಎಲ್‌ನಲ್ಲಿ ಬರೆದ ಫೈಲು) ಕೇಳಿದ ಕೂಡ್ಲೇ ಎಂಜಿನ್ ಆ ಫೈಲ್ ಹುಡುಕಿ, ಓದಿ, ಜಾವಾ ಬೈಟ್‌ಕೋಡ್ ಮಾಡಿ, ಆ ಕ್ಲಾಸನ್ನ ಡಿಸ್ಕ್ ಮೇಲೆ ಬರೆದು, ಆಮೇಲೆ ಲೋಡ್ ಮಾಡಿ ಓಡಿಸುತ್ತೆ. ಇದರ ಜೊತೆಗೆ ಅದಕ್ಕೆ ತನ್ನದೇ ಅಡ್ಮಿನ್ ಪೇಜ್, ತನ್ನದೇ ಕಾನ್ಫಿಗ್ ಫೈಲು, ತನ್ನದೇ ಲಾಗು, ತನ್ನದೇ ಕ್ಯಾಷು, ಎಕ್ಸ್‌ಟೆನ್ಷನ್ ಇನ್‌ಸ್ಟಾಲ್ ಮಾಡೋ ವ್ಯವಸ್ಥೆ, ಲೂಸೀ 5ರಿಂದ ಈಚೆಗಂತೂ ಒಳಗೊಂದು ಪೂರ್ತಿ ಓಎಸ್‌ಜಿಐ ಫ್ರೇಮ್‌ವರ್ಕೇ (ಜಾವಾ ಕೋಡನ್ನ ಬೇರೆ ಬೇರೆ ತುಂಡಾಗಿ ಇಟ್ಟು ಓಡಿಸೋ ವ್ಯವಸ್ಥೆ) ಕೂತಿದೆ, ಅಪಾಚೆ ಫೆಲಿಕ್ಸ್. ಅಂದ್ರೆ ಸರ್ವರ್ ಒಳಗೆ ಇನ್ನೊಂದು ಸರ್ವರ್. ಬಾಡಿಗೆಗೆ ಬಂದವರು ಪೆಟ್ಟಿಗೆ ಇಟ್ಕೊಂಡು ಸುಮ್ನಿರೋ ಬದಲು ಗೋಡೆ ಒಡೆದು ತಮ್ಮದೇ ಅಡುಗೆಮನೆ ಕಟ್ಕೊಂಡ ಹಾಗೆ. ಮನೆ ಓನರ್, ಅಂದ್ರೆ ಜಾವಾ ಸರ್ವರ್, ಒಬ್ಬೊಬ್ಬರದ್ದು ಒಂದೊಂದು ರೂಲ್ಸು, ಟಾಮ್‌ಕ್ಯಾಟ್ ತಲೆ ಕೆಡಿಸ್ಕೊಳ್ಳಲ್ಲ, ವೈಲ್ಡ್‌ಫ್ಲೈ ಸ್ವಲ್ಪ ಗೊಣಗುತ್ತೆ, ವೆಬ್‌ಲಾಜಿಕ್ ಒಳಗೇ ಬಿಟ್ಕೊಳ್ಳಲ್ಲ.

ಈ ಬರಿಯೋ ವಿಷ್ಯದಿಂದ್ಲೇ ಮೊದಲನೇ ಸಮಸ್ಯೆ. ಸರ್ವ್ಲೆಟ್ ಎಪಿಐನಲ್ಲಿ (ಜಾವಾ ವೆಬ್ ಆಪ್ ಮತ್ತೆ ಸರ್ವರ್ ಮಾತಾಡ್ಕೊಳ್ಳೋ ರೀತಿ, ಬಂದ ವಿಳಾಸಕ್ಕೆ ಉತ್ತರ ಕೊಡೋ ಕ್ಲಾಸೇ ಸರ್ವ್ಲೆಟ್) ಗೆಟ್‌ರಿಯಲ್‌ಪಾತ್ ಅಂತ ಒಂದು ಮೆಥಡ್ ಇದೆ, ವೆಬ್ ಆಪ್ ಒಳಗಿನ ಒಂದು ದಾರಿ ಕೊಟ್ರೆ ಡಿಸ್ಕ್ ಮೇಲೆ ಅದು ನಿಜವಾಗಿ ಎಲ್ಲಿದೆ ಅಂತ ಹೇಳುತ್ತೆ. ಆದ್ರೆ ಸ್ಪೆಸಿಫಿಕೇಷನ್ ಪ್ರಕಾರ ಸರ್ವರ್ ವಾರ್ ಫೈಲನ್ನ ಬಿಚ್ಚದೇ ಹಾಗೇ ಓಡಿಸ್ತಾ ಇದ್ರೆ ಇದು ನಲ್ ವಾಪಸ್ ಕೊಡಬಹುದು, ಅದರಲ್ಲಿ ತಪ್ಪೇನಿಲ್ಲ. ಮಾಮೂಲಿ ಆಪ್‌ಗೆ ಇದರಿಂದ ಏನೂ ಆಗಲ್ಲ. ಎಂಜಿನ್‌ಗೆ ಮಾತ್ರ ಕೈಕಾಲು ಕಟ್ಟಿದ ಹಾಗಾಗುತ್ತೆ, ಸೋರ್ಸ್ ಫೈಲ್ ಎಲ್ಲಿದೆ ಗೊತ್ತಾಗಲ್ಲ, ಕ್ಲಾಸ್ ಎಲ್ಲಿ ಬರೀಬೇಕು ಗೊತ್ತಾಗಲ್ಲ, ಲಾಗ್ ನೋಡಿದ್ರೆ ನಲ್‌ಪಾಯಿಂಟರ್ ಎಕ್ಸೆಪ್ಷನ್ ಒಂದು ಮಾರುದ್ದ. ಟಾಮ್‌ಕ್ಯಾಟ್‌ನಲ್ಲಿ ಅನ್‌ಪ್ಯಾಕ್‌ವಾರ್ಸ್ ಅನ್ನೋ ಸೆಟ್ಟಿಂಗ್ ಮಾಮೂಲಾಗಿ ಟ್ರೂ ಇರುತ್ತೆ, ಹಾಗಾಗಿ ಅಲ್ಲಿ ಗೊತ್ತೇ ಆಗಲ್ಲ, ಆದ್ರೆ ಯಾರಾದ್ರೂ ಫಾಲ್ಸ್ ಮಾಡಿಟ್ಟಿದ್ರೆ ಗೋವಿಂದ. ವೆಬ್‌ಲಾಜಿಕ್‌ನಲ್ಲಂತೂ ಈ ನಲ್ ಕಥೆ ಹಳೇದು.

ಪರಿಹಾರ ಸಿಂಪಲ್. ವಾರ್ ಫೈಲ್ ಆಗಿ ಡೆಪ್ಲಾಯ್ ಮಾಡ್ಲೇಬೇಡಿ, ನೀವೇ ಬಿಚ್ಚಿ ಫೋಲ್ಡರ್ ಆಗಿ ಡೆಪ್ಲಾಯ್ ಮಾಡಿ. ವಾರ್ ಅಂದ್ರೆ ಜಿಪ್ ಫೈಲೇ ತಾನೆ, ಅನ್‌ಜಿಪ್ ಮಾಡಿದ್ರೆ ಆಯ್ತು. ಟಾಮ್‌ಕ್ಯಾಟ್‌ನಲ್ಲಿ ಫೋಲ್ಡರನ್ನ ಬೇರೆ ಕಡೆ ಇಟ್ಟು ಕಾನ್ಫ್ ಕೆಳಗೆ ಕ್ಯಾಟಲೀನಾ, ಅದರ ಒಳಗೆ ಲೋಕಲ್‌ಹೋಸ್ಟ್ ಅಂತಿರೋ ಫೋಲ್ಡರ್‌ಗೆ ಒಂದು ಪುಟ್ಟ ಎಕ್ಸ್‌ಎಂಎಲ್ ಹಾಕಿ, ಅದರಲ್ಲಿ ಡಾಕ್‌ಬೇಸ್ ಇಂಥಾ ಕಡೆ ಇದೆ ಅಂತ ಬರೆದ್ರೆ ಸಾಕು. ವೈಲ್ಡ್‌ಫ್ಲೈನಲ್ಲಿ ಸ್ಟ್ಯಾಂಡಲೋನ್ ಕೆಳಗಿನ ಡೆಪ್ಲಾಯ್‌ಮೆಂಟ್ಸ್ ಫೋಲ್ಡರ್ ಒಳಗೆ ಬಿಚ್ಚಿದ ಫೋಲ್ಡರ್ ಇಡಿ, ಹೆಸರು ಡಾಟ್ ವಾರ್ ಅಂತಲೇ ಮುಗೀಬೇಕು ಫೋಲ್ಡರ್ ಆದ್ರೂ, ಆಮೇಲೆ ಅದೇ ಹೆಸರಿಗೆ ಡಾಟ್ ಡುಡೆಪ್ಲಾಯ್ ಅಂತ ಬಾಲ ಸೇರಿಸಿ ಪಕ್ಕದಲ್ಲಿ ಒಂದು ಖಾಲಿ ಫೈಲ್ ಇಡಿ. ಬಿಚ್ಚಿದ ಫೋಲ್ಡರ್‌ಗಳನ್ನ ಅದು ತಾನಾಗೇ ಎತ್ಕೊಳ್ಳಲ್ಲ, ಅರ್ಧ ಕಾಪಿ ಆಗಿರುವಾಗ್ಲೇ ಓಡಿಸಿಬಿಟ್ರೆ ಅಂತ ಅದಕ್ಕೊಂದು ಭಯ. ಡೆಪ್ಲಾಯ್ ಆಯ್ತು ಅಂದ್ರೆ ಆ ಖಾಲಿ ಫೈಲ್ ಹೋಗಿ ಡಾಟ್ ಡೆಪ್ಲಾಯ್ಡ್ ಅಂತ ಬರುತ್ತೆ, ಕೈಕೊಟ್ರೆ ಡಾಟ್ ಫೇಲ್ಡ್. ನಂಗೆ ಈ ಪದ್ಧತಿ ಇಷ್ಟ, ಒಂದು ಎಲ್‌ಎಸ್ ಹೊಡೆದ್ರೆ ಏನಾಗಿದೆ ಅಂತ ಕಾಣುತ್ತೆ.

ಫೋಲ್ಡರ್ ಆಗಿ ಇಡೋಕೆ ಇನ್ನೊಂದು ಕಾರಣ ಇದೆ, ಇದು ಇನ್ನೂ ಮುಖ್ಯ. ಏನೂ ಹೇಳದೇ ಬಿಟ್ರೆ ಲೂಸೀ ತನ್ನ ಕಾನ್ಫಿಗ್ ಎಲ್ಲಾ ವೆಬ್-ಇನ್ಫ್ (ವೆಬ್ ಆಪ್ ಒಳಗಿನ ಖಾಸಗಿ ಫೋಲ್ಡರ್) ಕೆಳಗೇ ಇಟ್ಕೊಳ್ಳುತ್ತೆ. ಡೇಟಾಸೋರ್ಸ್‌ಗಳು (ಡೇಟಾಬೇಸ್ ಸಂಪರ್ಕದ ವಿವರ), ಅಡ್ಮಿನ್ ಪಾಸ್‌ವರ್ಡ್, ಮ್ಯಾಪಿಂಗ್‌ಗಳು, ಶೆಡ್ಯೂಲ್ಡ್ ಟಾಸ್ಕ್‌ಗಳು, ಎಲ್ಲ. ಈಗ ಯೋಚ್ನೆ ಮಾಡಿ, ನೀವು ಹೊಸ ವರ್ಷನ್ ವಾರ್ ತಂದು ಹಳೇದರ ಮೇಲೆ ಕಾಪಿ ಮಾಡ್ತೀರಿ, ಆಟೋಡೆಪ್ಲಾಯ್ ಆನ್ ಇದೆ, ವಾರ್ ಬದಲಾಗಿದೆ ಅಂತ ಟಾಮ್‌ಕ್ಯಾಟ್‌ಗೆ ಗೊತ್ತಾಗುತ್ತೆ, ಅದು ಹಳೇ ಬಿಚ್ಚಿದ ಫೋಲ್ಡರನ್ನ ಅಳಿಸಿ ಹೊಸದಾಗಿ ಬಿಚ್ಚುತ್ತೆ. ಡೇಟಾಸೋರ್ಸ್ ಎಲ್ಲಾ ಮಟಾಷ್. ಟಾಮ್‌ಕ್ಯಾಟ್ ತನ್ನ ಕೆಲಸ ಸರಿಯಾಗೇ ಮಾಡಿದೆ, ಎಂಜಿನ್ನೂ ಸರಿಯಾಗೇ ಮಾಡಿದೆ, ಇಬ್ಬರೂ ಸೇರಿದಾಗ ಮಾತ್ರ ಹೀಗೆ.

ಹಾಗಾಗಿ ಎಂಜಿನ್ ಒಂದು ಕಡೆ, ಅದರ ಕಾನ್ಫಿಗ್ ಒಂದು ಕಡೆ, ನಿಮ್ಮ ಕೋಡ್ ಇನ್ನೊಂದು ಕಡೆ, ಹೀಗೆ ಬೇರೆ ಬೇರೆ ಮಾಡಿಟ್ಟುಬಿಡಿ. ವೆಬ್ ಎಕ್ಸ್‌ಎಂಎಲ್ ಅನ್ನೋ ಆಪ್‌ನ ಸೆಟ್ಟಿಂಗ್ ಫೈಲ್‌ನಲ್ಲಿ ಸಿಎಫ್‌ಎಂಎಲ್ ಸರ್ವ್ಲೆಟ್ ಹೇಳಿರೋ ಜಾಗದಲ್ಲಿ ಇನಿಟ್ ಪ್ಯಾರಾಮ್ ಆಗಿ ಲೂಸೀ-ಸರ್ವರ್-ಡೈರೆಕ್ಟರಿ ಅಂತ ಕೊಟ್ಟು ವಾರ್‌ನ ಹೊರಗಿನ ಒಂದು ಫೋಲ್ಡರ್ ತೋರಿಸಿದ್ರೆ ಕಾನ್ಫಿಗ್ ಅಲ್ಲಿಗೆ ಹೋಗುತ್ತೆ. ಹಳೇ ವರ್ಷನ್‌ಗಳಲ್ಲಿ ವೆಬ್ ಕಾಂಟೆಕ್ಸ್ಟ್‌ಗೆ ಬೇರೆಯಾಗಿ ಲೂಸೀ-ವೆಬ್-ಡೈರೆಕ್ಟರಿ ಅಂತಾನೂ ಇದೆ. ಲೂಸೀ 6ರಲ್ಲಿ ಕಾನ್ಫಿಗ್ ಎಕ್ಸ್‌ಎಂಎಲ್‌ನಿಂದ ಜೇಸನ್‌ಗೆ ಬಂತು, ಸಿಎಫ್‌ಕಾನ್ಫಿಗ್ ಅಂತ ಒಂದೇ ಫೈಲು, ಅದನ್ನ ಗಿಟ್‌ನಲ್ಲಿ ಇಟ್ಕೊಂಡು ಸರ್ವರ್ ಮೇಲೆ ಕಾಪಿ ಮಾಡಿದ್ರೆ ಆಯ್ತು, ಅಡ್ಮಿನ್ ಪೇಜ್‌ಗೆ ಹೋಗಿ ಒಂದೊಂದೇ ಕ್ಲಿಕ್ ಮಾಡೋ ಕರ್ಮ ಇಲ್ಲ. ಇದೊಂದು ಬದಲಾವಣೆಗೇ ಅಪ್‌ಗ್ರೇಡ್ ಮಾಡಬಹುದು ಅಂತೀನಿ ನಾನು.

ಈಗ ಹೊರಗಿನ ಫೋಲ್ಡರ್ ತೋರಿಸಿದ್ರಿ, ಟಾಮ್‌ಕ್ಯಾಟ್ ಯೂಸರ್ ಹೆಸರಿಗೆ ಚೌನ್ ಮಾಡಿ ಒಡೆತನ ಕೊಟ್ರಿ, ಸ್ಟಾರ್ಟ್ ಮಾಡಿದ್ರಿ, ಆದ್ರೂ ಬರಿಯೋಕಾಗ್ತಿಲ್ಲ. ಸಿಟ್ಟಲ್ಲಿ ಯಾರು ಬೇಕಾದ್ರೂ ಬರೀಲಿ ಅಂತ 777 ಪರ್ಮಿಷನ್ ಕೊಟ್ರಿ, ಆದ್ರೂ ಇಲ್ಲ. ಲಾಗ್‌ನಲ್ಲಿ ಪರ್ಮಿಷನ್ ಡಿನೈಡ್ ಅಂತ ಇಲ್ವೇ ಇಲ್ಲ, ರೀಡ್-ಓನ್ಲಿ ಫೈಲ್ ಸಿಸ್ಟಮ್ ಅಂತಿದೆ. ಡಿಸ್ಕ್ ಏನಾದ್ರೂ ಕೆಟ್ಟೋಯ್ತಾ ಅಂತ ಮೌಂಟ್ ಕಮಾಂಡ್ ಹೊಡೆದು ನೋಡಿದ್ರೆ ಎಲ್ಲಾ ಸರಿಯಾಗಿದೆ, ಅದೇ ಯೂಸರ್ ಆಗಿ ಶೆಲ್‌ನಲ್ಲಿ ಟಚ್ ಮಾಡಿದ್ರೆ ಫೈಲ್ ಆರಾಮಾಗಿ ಹುಟ್ಟುತ್ತೆ. ಹುಚ್ಚು ಹಿಡಿಸೋ ಸಂಗತಿ ಇದು. ಡೆಬಿಯನ್, ಉಬುಂಟು ಪ್ಯಾಕೇಜಿಂದ ಟಾಮ್‌ಕ್ಯಾಟ್ 9 ಹಾಕಿದ್ರೆ ಅದರ ಸಿಸ್ಟಮ್‌ಡಿ ಯೂನಿಟ್ ಫೈಲ್ (ಲಿನಕ್ಸ್ ಅದನ್ನ ಹೇಗೆ ಓಡಿಸಬೇಕು ಅಂತ ಹೇಳೋದು) ಒಳಗೆ ಪ್ರೊಟೆಕ್ಟ್‌ಸಿಸ್ಟಮ್ ಸ್ಟ್ರಿಕ್ಟ್ ಅಂತ ಒಂದು ಸಾಲಿರುತ್ತೆ. ಅಂದ್ರೆ ಆ ಪ್ರೋಸೆಸ್ ಕಣ್ಣಿಗೆ ಮಾತ್ರ ಹೆಚ್ಚುಕಮ್ಮಿ ಇಡೀ ಡಿಸ್ಕ್ ರೀಡ್-ಓನ್ಲಿ, ವೆಬ್‌ಆಪ್ಸ್, ಲಾಗ್ ಥರದ ಒಂದೆರಡು ಜಾಗ ಬಿಟ್ಟು. ಮಾಮೂಲಿ ಜಾವಾ ಆಪ್‌ಗೆ ಇದು ಒಳ್ಳೇ ರಕ್ಷಣೆ, ನಮ್ಮ ಎಂಜಿನ್‌ಗೆ ಕುತ್ತು. ಸಿಸ್ಟಮ್‌ಸಿಟಿಎಲ್ ಎಡಿಟ್ ಕೊಟ್ಟು ಸರ್ವಿಸ್ ವಿಭಾಗದಲ್ಲಿ ರೀಡ್‌ರೈಟ್‌ಪಾತ್ಸ್ ಅಂತ ನಿಮ್ಮ ಫೋಲ್ಡರ್ ಸೇರಿಸಿ, ರೀಸ್ಟಾರ್ಟ್ ಮಾಡಿ, ಸರಿಹೋಗುತ್ತೆ. ಆ ಪ್ರೊಟೆಕ್ಟ್ ಸಾಲನ್ನೇ ತೆಗೆದುಹಾಕೋರೂ ಇದ್ದಾರೆ, ನಾನಂತೂ ಬೇಡ ಅಂತೀನಿ, ಹೊರಗಿನವರು ಯಾರಾದ್ರೂ ಫೈಲ್ ಅಪ್‌ಲೋಡ್ ಮಾಡೋ ಪೇಜ್ ಇರೋ ಸೈಟ್ ಆದ್ರೆ ಆ ಒಂದು ಸಾಲೇ ನಿಮ್ಮನ್ನ ಕಾಪಾಡೋದು.

ಯುಆರ್‌ಎಲ್ ಮ್ಯಾಪಿಂಗ್‌ಗೆ ಬರೋಣ. ಎಂಜಿನ್ ಯಾವ ಯಾವ ವಿಳಾಸಕ್ಕೆ ಎದ್ದು ಕೂರಬೇಕು ಅಂತ ವೆಬ್ ಎಕ್ಸ್‌ಎಂಎಲ್‌ನಲ್ಲಿ ಹೇಳಬೇಕು, *.ಸಿಎಫ್‌ಎಂ, *.ಸಿಎಫ್‌ಸಿ ಹೀಗೆ. ಇದು ವಾರ್ ಒಳಗೆ ಮೊದಲೇ ಇರುತ್ತೆ, ಏನೂ ಮಾಡೋದು ಬೇಕಿಲ್ಲ. ಆದ್ರೆ ಸುಮಾರು ಫ್ರೇಮ್‌ವರ್ಕ್‌ಗಳು ಇಂಡೆಕ್ಸ್ ಡಾಟ್ ಸಿಎಫ್‌ಎಂ ಆದ್ಮೇಲೆ ಸ್ಲ್ಯಾಷ್ ಹಾಕಿ ಮುಂದೆ ಇನ್ನೇನೋ ಬರೆದಿರೋ ವಿಳಾಸ ಬಳಸ್ತವೆ, ಯೂಸರ್ ಸ್ಲ್ಯಾಷ್ ಎಡಿಟ್ ಸ್ಲ್ಯಾಷ್ 42 ಅನ್ನೋ ಥರ. ಅಡೋಬಿ ಕೋಲ್ಡ್‌ಫ್ಯೂಷನ್‌ನಿಂದ ಬಂದವರು ಇದು ತಾನಾಗೇ ಓಡುತ್ತೆ ಅಂದ್ಕೊಂಡಿರ್ತಾರೆ, ಇಲ್ಲಿ ವೆಬ್ ಎಕ್ಸ್‌ಎಂಎಲ್‌ನಲ್ಲಿ ಅದಕ್ಕೊಂದು ಸಾಲು ಇಲ್ಲದಿದ್ರೆ 404. ಹಾಗಾದ್ರೆ *.ಸಿಎಫ್‌ಎಂ/* ಅಂತ ಬರೆದುಬಿಡೋಣ ಅಂತ ಹೊಳೆಯುತ್ತೆ, ಹೊಳೆದೇ ಹೊಳೆಯುತ್ತೆ ಎಲ್ಲರಿಗೂ, ಆದ್ರೆ ಸರ್ವ್ಲೆಟ್ ಸ್ಪೆಸಿಫಿಕೇಷನ್‌ನಲ್ಲಿ ನಕ್ಷತ್ರ ಎಲ್ಲಿ ಬೇಕಾದ್ರೂ ಇಡೋ ಹಾಗಿಲ್ಲ. ಪೂರ್ತಿ ವಿಳಾಸ ಬರೀಬಹುದು, ಇಲ್ಲಾ ಸ್ಲ್ಯಾಷ್‌ನಿಂದ ಶುರುವಾಗಿ ಕೊನೇಲಿ /* ಇರಬಹುದು, ಇಲ್ಲಾ *. ಇಂದ ಶುರುವಾಗೋ ಎಕ್ಸ್‌ಟೆನ್ಷನ್, ಇಲ್ಲಾ ಬರೀ ಸ್ಲ್ಯಾಷ್. ಎರಡನ್ನೂ ಬೆರೆಸೋ ಹಾಗಿಲ್ಲ. ಬೆರೆಸಿದ್ರೆ ಎಲ್ಲಿ ಹೊಂದುತ್ತೋ ಎಲ್ಲಿ ಹೊಂದಲ್ವೋ ಸರ್ವರ್ ಮೇಲೆ ಬಿಟ್ಟಿದ್ದು, ಅದನ್ನ ನಂಬ್ಕೊಂಡು ಕೂರೋ ಹಾಗಿಲ್ಲ. ಹಾಗಾಗಿ /ಇಂಡೆಕ್ಸ್.ಸಿಎಫ್‌ಎಂ/* ಅಂತ ಬರೀರಿ, ಇದು ಸ್ಲ್ಯಾಷ್‌ನಿಂದ ಶುರುವಾಗೋ ಜಾತಿಗೆ ಸೇರಿದ್ದು, ಎಲ್ಲ ಸರ್ವರ್ ಒಪ್ಪುತ್ತೆ. ಬೇರೆ ಫೋಲ್ಡರ್‌ಗಳಲ್ಲೂ ಇಂಡೆಕ್ಸ್ ಇದ್ರೆ ಒಂದೊಂದಕ್ಕೂ ಒಂದೊಂದು ಸಾಲು, ಬೇಜಾರು ಆದ್ರೂ ಬೇರೆ ದಾರಿ ಇಲ್ಲ. ಕ್ವೆರ್ಕಸ್‌ನಲ್ಲೂ ಇದೇ ಹಾಡು, *.ಪಿಎಚ್‌ಪಿಗೆ ಕ್ವೆರ್ಕಸ್ ಸರ್ವ್ಲೆಟ್ ಕಟ್ಟಿರ್ತೀರಿ, ಇಂಡೆಕ್ಸ್ ಡಾಟ್ ಪಿಎಚ್‌ಪಿ ಸ್ಲ್ಯಾಷ್ ಏನೋ ಅಂತ ಬಂದ್ರೆ ಅದಕ್ಕೆ ಇನ್ನೊಂದು ಸಾಲು ಬೇಕು.

ಈಗ ಕ್ಲಾಸ್‌ಲೋಡರ್, ಅಂದ್ರೆ ಬೇಕಾದ ಕ್ಲಾಸನ್ನ ಹುಡುಕಿ ತಂದು ಲೋಡ್ ಮಾಡೋದು. ಈ ಹೆಸರು ಕೇಳಿದ್ರೇನೇ ಎದ್ದು ಹೋಗೋರಿದ್ದಾರೆ, ಸ್ವಲ್ಪ ಕೂತ್ಕೊಳ್ಳಿ. ವಾರ್ ಒಳಗೆ ಒಂದು ಜಾರ್ (ಜಾವಾ ಕ್ಲಾಸ್‌ಗಳ ಗಂಟು) ಇದೆ, ಅದೇ ಜಾರ್‌ನ ಇನ್ನೊಂದು ವರ್ಷನ್ ಸರ್ವರ್ ಹತ್ರಾನೂ ಇದೆ ಅಂದ್ಕೊಳ್ಳಿ, ಯಾವುದು ಗೆಲ್ಲುತ್ತೆ? ಟಾಮ್‌ಕ್ಯಾಟ್‌ನಲ್ಲಿ ಜಾವಾದ ಸ್ವಂತ ಕ್ಲಾಸ್‌ಗಳು, ಸರ್ವ್ಲೆಟ್ ಎಪಿಐ ಥರದವು ಬಿಟ್ರೆ ವಾರ್ ಒಳಗಿನದ್ದೇ ಮೊದಲು, ನೆಮ್ಮದಿ. ವೆಬ್‌ಲಾಜಿಕ್‌ನಲ್ಲಿ ಉಲ್ಟಾ, ಸರ್ವರ್‌ದೇ ಮೊದಲು, ಅದರ ಹತ್ರ ಎಕ್ಸ್‌ಎಂಎಲ್ ಪಾರ್ಸರ್‌ನಿಂದ ಹಿಡಿದು ಏನೇನೋ ಇರುತ್ತೆ, ನಿಮ್ಮ ಎಂಜಿನ್ ಹೊಸ ವರ್ಷನ್ನಿನ ಮೆಥಡ್ ಕರೆಯುತ್ತೆ, ಸಿಗೋದು ಸರ್ವರ್ ಹತ್ರ ಇರೋ ಹಳೇ ಕ್ಲಾಸು, ನೋ ಸಚ್ ಮೆಥಡ್ ಎರರ್. ಇದಕ್ಕೆ ವೆಬ್‌ಲಾಜಿಕ್ ಎಕ್ಸ್‌ಎಂಎಲ್ ಅಂತ ಒಂದು ಫೈಲ್ ವೆಬ್-ಇನ್ಫ್ ಒಳಗಿಟ್ಟು ಪ್ರಿಫರ್-ವೆಬ್-ಇನ್ಫ್-ಕ್ಲಾಸಸ್ ಟ್ರೂ ಅಂತ ಹೇಳಬೇಕು, ಅಥವಾ ಬೇಕಾದ ಪ್ಯಾಕೇಜ್‌ಗಳನ್ನ ಮಾತ್ರ ಪ್ರಿಫರ್-ಆಪ್ಲಿಕೇಷನ್-ಪ್ಯಾಕೇಜಸ್ ಒಳಗೆ ಬರೀಬೇಕು, ಎರಡೂ ಒಟ್ಟಿಗೆ ಹಾಕೋ ಹಾಗಿಲ್ಲ. ವೆಬ್‌ಸ್ಫಿಯರ್‌ನಲ್ಲಿ ಇದನ್ನೇ ಪೇರೆಂಟ್ ಲಾಸ್ಟ್ ಅಂತಾರೆ, ಅಡ್ಮಿನ್ ಕನ್ಸೋಲ್‌ನಲ್ಲಿ ಒಂದು ಆಯ್ಕೆ. ಗ್ಲಾಸ್‌ಫಿಶ್‌ನಲ್ಲಿ ಗ್ಲಾಸ್‌ಫಿಶ್-ವೆಬ್ ಎಕ್ಸ್‌ಎಂಎಲ್ ಒಳಗೆ ಡೆಲಿಗೇಟ್ ಫಾಲ್ಸ್. ವೈಲ್ಡ್‌ಫ್ಲೈನಲ್ಲಿ ಎಲ್ಲವೂ ಮಾಡ್ಯೂಲು, ಸರ್ವರ್ ತಾನಾಗೇ ಕೆಲವು ಮಾಡ್ಯೂಲ್ ನಿಮಗೆ ಅಂಟಿಸಿಬಿಡುತ್ತೆ, ಬೇಡದಿದ್ದನ್ನ ಜೆಬಾಸ್-ಡೆಪ್ಲಾಯ್‌ಮೆಂಟ್-ಸ್ಟ್ರಕ್ಚರ್ ಎಕ್ಸ್‌ಎಂಎಲ್‌ನಲ್ಲಿ ಎಕ್ಸ್‌ಕ್ಲೂಡ್ ಮಾಡಬೇಕು, ಲಾಗಿಂಗ್ ಲೈಬ್ರರಿ ಜಗಳ ಇದ್ರೆ ಮೊದಲು ನೋಡಬೇಕಾದ ಜಾಗ ಅದು.

ಲೂಸೀ 5 ಆದ್ಮೇಲೆ ಈ ಗೋಳು ತುಂಬಾ ಕಮ್ಮಿ ಆಗಿದೆ, ಓಎಸ್‌ಜಿಐ ಇರೋದ್ರಿಂದ ಎಂಜಿನ್ ತನ್ನ ಜಾರ್‌ಗಳನ್ನ ಬಂಡಲ್ ಆಗಿ ತನ್ನೊಳಗೇ ಬೇರೆ ಇಟ್ಕೊಳ್ಳುತ್ತೆ, ಹೊರಗೆ ಕಾಣೋದು ಲೋಡರ್ ಜಾರ್ ಒಂದೇ. ಡೇಟಾಬೇಸ್ ಡ್ರೈವರನ್ನೂ ಎಕ್ಸ್‌ಟೆನ್ಷನ್ ಆಗಿ ಹಾಕೋದು ವಾಸಿ, ಸರ್ವರ್‌ನ ಲಿಬ್ ಫೋಲ್ಡರ್‌ಗೆ ಬಿಸಾಕಿದ್ರೂ ಓಡುತ್ತೆ, ಆದ್ರೆ ನಾಳೆ ಆ ಸರ್ವರ್ ಮೇಲೆ ಇನ್ಯಾರೋ ಬೇರೆ ವರ್ಷನ್ ಹಾಕ್ತಾರೆ, ಆಮೇಲೆ ಪತ್ತೆದಾರಿಕೆ ಮಾಡ್ತಾ ಕೂರಬೇಕು.

ಇತ್ತೀಚೆಗೆ ಎಲ್ಲರೂ ಬಂದು ಗುದ್ದೋ ಗೋಡೆ ಅಂದ್ರೆ ಜಾವಾಎಕ್ಸ್ ಮತ್ತು ಜಕಾರ್ತಾ. ಜಾವಾ ಇಇಯನ್ನ (ಸರ್ವ್ಲೆಟ್ ಥರದ ಸರ್ವರ್ ಕಡೆಯ ಎಪಿಐಗಳ ಕಟ್ಟು) ಒರಾಕಲ್ ಎಕ್ಲಿಪ್ಸ್ ಫೌಂಡೇಷನ್‌ಗೆ ಒಪ್ಪಿಸ್ತು, ಆದ್ರೆ ಜಾವಾ ಅನ್ನೋ ಹೆಸರಿನ ಹಕ್ಕು ಜೊತೇಲಿ ಕೊಡ್ಲಿಲ್ಲ, ಹಾಗಾಗಿ 2020ರ ಕೊನೇಲಿ ಬಂದ ಜಕಾರ್ತಾ ಇಇ 9ರಲ್ಲಿ ಪ್ಯಾಕೇಜ್ ಹೆಸರುಗಳೆಲ್ಲಾ ಜಾವಾಎಕ್ಸ್ ಹೋಗಿ ಜಕಾರ್ತಾ ಆಯ್ತು. ಕೋಡ್ ಅದೇ, ಹೆಸರು ಮಾತ್ರ ಬೇರೆ, ಆದ್ರೆ ಜೆವಿಎಂಗೆ (ಜಾವಾ ಓಡಿಸೋ ಯಂತ್ರ) ಹೆಸರು ಬೇರೆ ಅಂದ್ರೆ ಕ್ಲಾಸೇ ಬೇರೆ. ಟಾಮ್‌ಕ್ಯಾಟ್ 9 ಹಳೇ ಹೆಸರು, 10ರಿಂದ ಹೊಸ ಹೆಸರು. ವೈಲ್ಡ್‌ಫ್ಲೈನಲ್ಲಿ 26ರ ತನಕ ಹಳೇದು, 27ರಿಂದ ಹೊಸದು. ಜೆಟ್ಟಿ 10 ಹಳೇದು, 11 ಹೊಸದು, 12ರಲ್ಲಿ ಮಾತ್ರ ಜಾಣತನ ಮಾಡಿದ್ದಾರೆ, ಒಂದೇ ಸರ್ವರ್ ಒಳಗೆ ಇಇ8, ಇಇ9, ಇಇ10 ಅಂತ ಬೇರೆ ಬೇರೆ ವಾತಾವರಣ ಕೊಟ್ಟು ಯಾವ ಆಪ್‌ಗೆ ಯಾವುದು ಬೇಕೋ ಅದು ಅಂತ. ನಾನು ಹೊಸದಾಗಿ ಏನಾದ್ರೂ ಪ್ರಯೋಗ ಮಾಡೋದಿದ್ರೆ ಈಗ ಜೆಟ್ಟಿ 12 ತಗೊಳ್ತೀನಿ.

ಹಳೇ ಎಂಜಿನ್ ವಾರನ್ನ ಟಾಮ್‌ಕ್ಯಾಟ್ 10ಕ್ಕೆ ಹಾಕಿದ್ರೆ ಜಾವಾಎಕ್ಸ್ ಸರ್ವ್ಲೆಟ್ ಕ್ಲಾಸ್ ಸಿಗ್ಲಿಲ್ಲ ಅಂತ ಎರರ್ ಬರುತ್ತೆ. ಆಗ ಕೆಲವರು ಎಲ್ಲಿಂದಲೋ ಹಳೇ ಸರ್ವ್ಲೆಟ್ ಎಪಿಐ ಜಾರ್ ತಂದು ಲಿಬ್‌ಗೆ ಹಾಕ್ತಾರೆ, ಎರರ್ ಹೋಗುತ್ತೆ, ಆದ್ರೆ ಪೇಜೂ ಬರಲ್ಲ, ಯಾಕಂದ್ರೆ ಟಾಮ್‌ಕ್ಯಾಟ್ ಹುಡುಕ್ತಿರೋದು ಹೊಸ ಹೆಸರಿನ ಸರ್ವ್ಲೆಟ್ಟು, ನೀವು ಕೊಡ್ತಿರೋದು ಹಳೇ ಹೆಸರಿಂದು. ಟಾಮ್‌ಕ್ಯಾಟ್‌ನವರೇ ಇದಕ್ಕೆ ಒಂದು ಅನುಕೂಲ ಮಾಡಿದ್ದಾರೆ: ವೆಬ್‌ಆಪ್ಸ್ ಪಕ್ಕದಲ್ಲೇ ವೆಬ್‌ಆಪ್ಸ್-ಜಾವಾಇಇ ಅಂತ ಫೋಲ್ಡರ್ ಮಾಡಿ ಹಳೇ ವಾರ್ ಅದರೊಳಗೆ ಹಾಕಿದ್ರೆ ಹೆಸರೆಲ್ಲಾ ಬದಲಿಸಿ ವೆಬ್‌ಆಪ್ಸ್‌ಗೆ ತಾನೇ ಇಡುತ್ತೆ. ಮಾಮೂಲಿ ಆಪ್‌ಗಳಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತೆ. ಆದ್ರೆ ಓಡುವಾಗ ತಾನೇ ಬೈಟ್‌ಕೋಡ್ ಹುಟ್ಟಿಸೋ, ಜಾರ್ ಒಳಗೆ ಇನ್ನೊಂದು ಪ್ಯಾಕೇಜ್ ಬಚ್ಚಿಟ್ಕೊಂಡಿರೋ ಎಂಜಿನ್‌ಗೆ ಇದನ್ನ ಪ್ರೊಡಕ್ಷನ್‌ನಲ್ಲಿ ನೆಚ್ಚಿಕೊಳ್ಳೋದು ನಂಗೆ ಸಮಾಧಾನ ಇಲ್ಲ. ಲೂಸೀ 7 ಜಕಾರ್ತಾಗೇ ಬಂದಿದೆ, ಹೊಸ ಟಾಮ್‌ಕ್ಯಾಟ್ ಬೇಕಂದ್ರೆ ಅದನ್ನ ಹಾಕಿ, ಹಳೇ ಲೂಸೀ 5 ಇಟ್ಕೊಳ್ಳೋದಾದ್ರೆ ಟಾಮ್‌ಕ್ಯಾಟ್ 9 ಇಟ್ಕೊಳ್ಳಿ, ಜೋಡಿ ಸರಿ ಇರಬೇಕು ಅಷ್ಟೇ.

ಜಾವಾ ವರ್ಷನ್ನಿಂದೂ ಇಂಥದ್ದೇ ಕಥೆ, ಜಾವಾ 17ಕ್ಕೆ ಬಂದ್ರೆ ಜೆಡಿಕೆ ಒಳಗಿನ ಕ್ಲಾಸ್‌ಗಳನ್ನ ರಿಫ್ಲೆಕ್ಷನ್‌ನಲ್ಲಿ ಕೆದಕೋಕೆ ಬಿಡಲ್ಲ, ಹಳೇ ಎಂಜಿನ್‌ಗಳಿಗೆ ಕೆದಕೋ ಚಾಳಿ ಜಾಸ್ತಿ. ಇನ್‌ಅಕ್ಸೆಸಿಬಲ್ ಆಬ್ಜೆಕ್ಟ್ ಎಕ್ಸೆಪ್ಷನ್ ಕಂಡ್ರೆ ಆಡ್-ಓಪನ್ಸ್ ಫ್ಲ್ಯಾಗ್ ಕೊಡಬೇಕು, ಯಾವ ಮಾಡ್ಯೂಲು ಯಾವ ಪ್ಯಾಕೇಜು ಅಂತ ಆ ಎರರ್ ಸಾಲಲ್ಲೇ ಬರೆದಿರುತ್ತೆ.

ಈ ಫ್ಲ್ಯಾಗ್, ಮೆಮೊರಿ ಇವನ್ನೆಲ್ಲಾ ಟಾಮ್‌ಕ್ಯಾಟ್‌ನ ಕ್ಯಾಟಲೀನಾ ಶೆಲ್ ಸ್ಕ್ರಿಪ್ಟ್ ಒಳಗೆ ಬರೆಯೋರನ್ನ ನೋಡಿದ್ದೀನಿ, ದಯವಿಟ್ಟು ಬೇಡ, ಅಪ್‌ಗ್ರೇಡ್ ಮಾಡಿದ ದಿನ ಎಲ್ಲಾ ಹೋಗುತ್ತೆ. ಬಿನ್ ಫೋಲ್ಡರ್‌ನಲ್ಲಿ ಸೆಟ್‌ಎನ್ವ್ ಅಂತ ನೀವೇ ಒಂದು ಫೈಲ್ ಮಾಡಿ ಅದರಲ್ಲಿ ಕ್ಯಾಟಲೀನಾ ಆಪ್ಟ್ಸ್ ಒಳಗೆ ಬರೀರಿ, ಅದು ಇರೋದೇ ಅದಕ್ಕೆ. ಹೀಪ್ (ಜಾವಾ ತನ್ನ ಡೇಟಾ ಇಡೋ ಮೆಮೊರಿ) ಎಷ್ಟು ಅಂತ ಹೇಳದಿದ್ರೆ ಜೆವಿಎಂ ಮೆಷಿನ್ ಮೆಮೊರಿಯಲ್ಲಿ ಕಾಲು ಭಾಗ ತಗೊಳ್ಳುತ್ತೆ, ಚಿಕ್ಕ ಕಂಟೇನರ್‌ನಲ್ಲಿ ಇದು ಏನಕ್ಕೂ ಸಾಲಲ್ಲ. ಇನ್ನು ಮೆಟಾಸ್ಪೇಸ್. ಸ್ಕ್ರಿಪ್ಟ್ ಎಂಜಿನ್‌ನಲ್ಲಿ ಪ್ರತಿ ಪೇಜೂ, ಪ್ರತಿ ಕಾಂಪೊನೆಂಟೂ ಒಂದು ಕ್ಲಾಸು, ಬದಲಿಸಿದಾಗಲೆಲ್ಲಾ ಇನ್ನೊಂದು ಕ್ಲಾಸು. ಜಾವಾ 7ರ ತನಕ ಇವೆಲ್ಲಾ ಪರ್ಮ್‌ಜೆನ್ ಅನ್ನೋ ಇಕ್ಕಟ್ಟು ಜಾಗದಲ್ಲಿ ಕೂರಬೇಕಿತ್ತು, ಆಗಿನ ಕೋಲ್ಡ್‌ಫ್ಯೂಷನ್ ಮಂದಿಗೆ ಪರ್ಮ್‌ಜೆನ್ ಎರರ್ ಅಂದ್ರೆ ಮನೆಮಾತು. 2014ರಲ್ಲಿ ಜಾವಾ 8 ಬಂದು ಅದನ್ನ ತೆಗೆದು ಮೆಟಾಸ್ಪೇಸ್ ಮಾಡ್ತು, ಮಿತಿ ಹಾಕದಿದ್ರೆ ಮೆಷಿನ್ ಮೆಮೊರಿ ಇರೋ ತನಕ ಬೆಳೀತಾ ಹೋಗುತ್ತೆ. ಟಾಮ್‌ಕ್ಯಾಟ್ ಮ್ಯಾನೇಜರ್‌ನಲ್ಲಿ ರೀಲೋಡ್ ಬಟನ್ ಒತ್ತಿ ಒತ್ತಿ ಎಂಜಿನ್ ತಿರುಗಿ ಲೋಡ್ ಮಾಡೋರಿಗೆ ಇದು ಬೇಗ ಕಾಣುತ್ತೆ, ಹಳೇ ಎಂಜಿನ್‌ನ ಒಂದು ಥ್ರೆಡ್ ಎಲ್ಲೋ ಜೀವ ಹಿಡ್ಕೊಂಡಿದ್ರೆ ಸಾಕು ಅದರ ಇಡೀ ಕ್ಲಾಸ್ ಸಂಸಾರ ಮೆಮೊರಿಯಲ್ಲೇ ಉಳ್ಕೊಳ್ಳುತ್ತೆ. ಎಂಜಿನ್ ಬದಲಿಸಿದ್ರೆ ಪ್ರೋಸೆಸ್ಸೇ ರೀಸ್ಟಾರ್ಟ್ ಮಾಡಿ, ಹಾಟ್ ಡೆಪ್ಲಾಯ್ ಎಲ್ಲಾ ನಿಮ್ಮ ಸಿಎಫ್‌ಎಂ ಫೈಲ್‌ಗಳಿಗೆ ಇರಲಿ, ಅದಕ್ಕೆ ಹೇಗೂ ಡೆಪ್ಲಾಯ್ ಅಂತ ಬೇಕೇ ಇಲ್ವಲ್ಲ, ಫೈಲ್ ಸೇವ್ ಮಾಡಿದ್ರೆ ಮುಗೀತು.

ಟಾಮ್‌ಕ್ಯಾಟ್ ಮುಂದೆ ಬಾಗಿಲು ಕಾಯೋಕೆ ಎನ್‌ಜಿನೆಕ್ಸ್ ಅನ್ನೋ ವೆಬ್ ಸರ್ವರ್ ಇಡ್ತೀರಲ್ಲ, ಅಲ್ಲಿ ಒಂದು ದೊಡ್ಡ ಗುಂಡಿ ಇದೆ. ಚಿತ್ರ, ಸಿಎಸ್‌ಎಸ್ ಎಲ್ಲಾ ಎನ್‌ಜಿನೆಕ್ಸೇ ಕೊಡಲಿ, ಸಿಎಫ್‌ಎಂ ಮಾತ್ರ ಟಾಮ್‌ಕ್ಯಾಟ್‌ಗೆ ಹೋಗಲಿ ಅಂತ ರೂಟ್ ಫೋಲ್ಡರನ್ನ ವೆಬ್ ಆಪ್ ಫೋಲ್ಡರ್‌ಗೇ ತೋರಿಸ್ತಾರೆ. ವೆಬ್-ಇನ್ಫ್ ಒಳಗಿರೋದನ್ನ ಯಾರಿಗೂ ಕೊಡಬಾರದು ಅನ್ನೋದು ಸರ್ವ್ಲೆಟ್ ಲೋಕದ ನಿಯಮ, ಟಾಮ್‌ಕ್ಯಾಟ್‌ಗೆ ಗೊತ್ತು, ಎನ್‌ಜಿನೆಕ್ಸ್‌ಗೆ ಅದು ಇನ್ನೊಂದು ಫೋಲ್ಡರ್ ಅಷ್ಟೇ, ಕೇಳಿದವರಿಗೆ ಕೊಡುತ್ತೆ. ನಿಮ್ಮ ಡೇಟಾಸೋರ್ಸ್ ಕಾನ್ಫಿಗ್ ಸಮೇತ. ಕಾನ್ಫಿಗನ್ನ ಹೊರಗಿಡಿ ಅಂತ ಮೇಲೆ ಅಷ್ಟು ಬಡ್ಕೊಂಡಿದ್ದು ಇದಕ್ಕೂ ಸೇರಿ. ಲೂಸೀ ಅಡ್ಮಿನ್ ವಿಳಾಸಾನೂ ಹೊರಗಿನವರಿಗೆ ಮುಚ್ಚಬೇಕು, ಆದ್ರೆ ಎನ್‌ಜಿನೆಕ್ಸ್‌ನಲ್ಲಿ ಒಂದು ಸಾಲು ಹಾಕಿ ಕೈ ತೊಳ್ಕೊಂಡ್ರೆ ಆಗಲ್ಲ, ವಿಳಾಸದ ಮಧ್ಯೆ ಸೆಮಿಕೋಲನ್ ಸೇರಿಸಿದ್ರೆ ಎನ್‌ಜಿನೆಕ್ಸ್ ಅದನ್ನ ಬೇರೆ ವಿಳಾಸ ಅಂತ ಬಿಟ್ಬಿಡುತ್ತೆ, ಟಾಮ್‌ಕ್ಯಾಟ್ ಸೆಮಿಕೋಲನ್ ಭಾಗ ಕಿತ್ತುಹಾಕಿ ಅಡ್ಮಿನ್ ಪೇಜ್ ತೆಗೆದುಕೊಡುತ್ತೆ. ಎರಡೂ ಕಡೆ ಮುಚ್ಚಿ.

ಮುಂದಿನ ಸರ್ವರ್ ಟಾಮ್‌ಕ್ಯಾಟ್ ಜೊತೆ ಮಾತಾಡೋಕೆ ಎಜೆಪಿ ಪ್ರೋಟೋಕಾಲ್ ಬಳಸ್ತಿದ್ರೆ ಇನ್ನೊಂದು ಮಾತು. 2020ರ ಫೆಬ್ರವರಿಯಲ್ಲಿ ಘೋಸ್ಟ್‌ಕ್ಯಾಟ್ ಅಂತ ಹೆಸರಾದ ತೂತು ಹೊರಗೆ ಬಂತು, ಎಜೆಪಿ ಪೋರ್ಟ್ 8009 ಹೊರಗಡೆಗೆ ತೆರೆದಿದ್ರೆ ಆಪ್ ಒಳಗಿನ ಫೈಲ್‌ಗಳನ್ನ, ವೆಬ್-ಇನ್ಫ್ ಒಳಗಿಂದೂ ಸೇರಿ, ಓದಬಹುದಿತ್ತು. 9.0.31ರಲ್ಲಿ ಸರಿ ಮಾಡಿದ್ರು, ಜೊತೆಗೆ ಎಜೆಪಿ ಮಾಮೂಲಾಗಿ ಆಫ್, ಆನ್ ಮಾಡಿದ್ರೆ ಲೋಕಲ್ ವಿಳಾಸದಲ್ಲಿ ಮಾತ್ರ, ಸೀಕ್ರೆಟ್ ಬೇಕೇ ಬೇಕು ಅಂತ ಮಾಡಿದ್ರು. ಆ ಅಪ್‌ಡೇಟ್ ಆದ್ಮೇಲೆ ಸೈಟ್ ಪೂರ್ತಿ ಸತ್ತೋಯ್ತು ಅಂತ ಪರದಾಡಿದವರೆಷ್ಟೋ. ನನ್ನ ಪ್ರಕಾರ ಎಜೆಪಿ ಸಹವಾಸವೇ ಬೇಡ, ಸಾದಾ ಎಚ್‌ಟಿಟಿಪಿ ಪ್ರಾಕ್ಸಿ ಸಾಕು, ಬಂದವರ ನಿಜವಾದ ಐಪಿ ಬೇಕಂದ್ರೆ ಸರ್ವರ್ ಎಕ್ಸ್‌ಎಂಎಲ್‌ನಲ್ಲಿ ರಿಮೋಟ್ ಐಪಿ ವಾಲ್ವ್ ಹಾಕಿದ್ರೆ ಆಯ್ತು.

ಒಂದೇ ಟಾಮ್‌ಕ್ಯಾಟ್ ಮೇಲೆ ಸುಮಾರು ಸೈಟ್ ಇದ್ರೆ ಪ್ರತಿಯೊಂದಕ್ಕೂ ಒಂದೊಂದು ವಾರ್ ಹಾಕಬೇಡಿ, ಅಷ್ಟೂ ಎಂಜಿನ್ ಒಂದೇ ಜೆವಿಎಂ ಒಳಗೆ ಕೂತು ಮೆಮೊರಿ ನುಂಗ್ತವೆ. ಜಾರನ್ನ ಎಲ್ಲ ಆಪ್‌ಗೂ ಕಾಣೋ ಲಿಬ್ ಫೋಲ್ಡರ್‌ಗೆ ಹಾಕಿ ಸರ್ವ್ಲೆಟ್ ಮ್ಯಾಪಿಂಗನ್ನ ಕಾನ್ಫ್ ಒಳಗಿನ ವೆಬ್ ಎಕ್ಸ್‌ಎಂಎಲ್‌ಗೆ ಬರೆದ್ರೆ ಒಂದೇ ಎಂಜಿನ್, ಎಷ್ಟು ಹೋಸ್ಟ್ ಬೇಕಾದ್ರೂ. ಲೂಸೀ ಇನ್‌ಸ್ಟಾಲರ್ ಮಾಡೋದೂ ಇದೇ ಥರ. ಒಂದೇ ಒಂದು ಆಪ್, ಕಂಟೇನರ್ ಒಳಗೆ ಅಂದ್ರೆ ಬಿಚ್ಚಿದ ವಾರ್ ಸರಿ.

ಇಷ್ಟೆಲ್ಲಾ ಮಾಡಿದ್ಮೇಲೂ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ, ಒಂದೋ ಅದಕ್ಕಿಂತ ಜಾಸ್ತಿಯೋ ಲಿಸನರ್ ಸ್ಟಾರ್ಟ್ ಆಗ್ಲಿಲ್ಲ, ವಿವರಕ್ಕೆ ಸಂಬಂಧಪಟ್ಟ ಲಾಗ್ ನೋಡಿ ಅಂತ ಟಾಮ್‌ಕ್ಯಾಟ್ ಹೇಳಿದ್ರೆ, ಕ್ಯಾಟಲೀನಾ ಔಟ್ ಫೈಲನ್ನೇ ಮೇಲಿಂದ ಕೆಳಗೆ ಓದ್ತಾ ಕೂರಬೇಡಿ, ಅಸಲಿ ಸ್ಟ್ಯಾಕ್ ಟ್ರೇಸ್ ಪಕ್ಕದಲ್ಲಿರೋ ಲೋಕಲ್‌ಹೋಸ್ಟ್ ಅಂತ ಶುರುವಾಗೋ ತಾರೀಖಿನ ಲಾಗ್‌ನಲ್ಲಿ ಇರುತ್ತೆ. ಕೆಳಗಿನ ಕಾಸ್ಡ್ ಬೈ ಸಾಲು ಮೊದಲು ಓದಿ. ಇನ್ನು ಎಂಜಿನ್ ಅಪ್‌ಗ್ರೇಡ್ ಮಾಡಿದ ಮೇಲೆ ಯಾವುದೋ ಒಂದು ಪೇಜ್ ಮಾತ್ರ ವಿಚಿತ್ರವಾಗಿ ಆಡ್ತಿದ್ರೆ ಕೋಡ್ ಮೇಲೆ ಅನುಮಾನ ಪಡೋ ಮೊದಲು ಸಿಎಫ್‌ಕ್ಲಾಸಸ್ ಫೋಲ್ಡರ್ ಖಾಲಿ ಮಾಡಿ ರೀಸ್ಟಾರ್ಟ್ ಮಾಡಿ ನೋಡಿ, ಹಳೇ ಎಂಜಿನ್ ಕಂಪೈಲ್ ಮಾಡಿಟ್ಟಿದ್ದ ಕ್ಲಾಸ್ ಇನ್ನೂ ಅಲ್ಲೇ ಕೂತಿರಬಹುದು. ಮೊದಲನೇ ಸಲ ಎಲ್ಲ ಪೇಜೂ ನಿಧಾನಕ್ಕೆ ತೆರ್ಕೊಳ್ಳುತ್ತೆ, ಅದು ತಿರುಗಿ ಕಂಪೈಲ್ ಆಗ್ತಿರೋದು, ಆಮೇಲೆ ಸರಿಹೋಗುತ್ತೆ.